ಅಂಚು ಓದುವ ಕೆಂಪನಂಜಪ್ಪ

ಹಳೇ ಬೆಳ್ಳಿ ವ್ಯಾಪಾರಿ ಪರಮೇಶನ ತಕ್ಕಡಿಯಲ್ಲಿ ಮಧುವನಹಳ್ಳಿಯ ಕೆಂಪನಂಜಪ್ಪ ಐವತ್ತು ಕೆ.ಜಿ. ದಾಟದ ಆಸಾಮಿ, ಅದರಲ್ಲೂ ಅರ್ಧ ಕೆ.ಜಿ. ಕನ್ನಡಕದ್ದೇ. ಆದರೂ ಹನೂರು, ಯಳಂದೂರು ಕಡೆಯಿಂದ ತಾತನ ಕಾಲದ ಮಿಲಿಟರಿ ಪದಕ ಹಿಡಿದು ಬಂದವರು ಕೊಳ್ಳೇಗಾಲದಲ್ಲಿ ಪರಮೇಶನ ಅಂಗಡಿಯ ನೀರು ಕುಡಿದು, ಅವನನ್ನೇ ದಾರಿ ಕೇಳಿಕೊಂಡು, ಪದಕ ಅಸಲಿಯೋ ನಕಲಿಯೋ ತಿಳಿಯಲು ಕೆಂಪನಂಜಪ್ಪನ ಜಗಲಿಗೆ ಹೋಗುತ್ತಾರೆ. ಹೊಟ್ಟೆ ಉರಿಯದೆ ಇರುತ್ತದೆಯೆ? ಕೆಂಪನಂಜಪ್ಪ ಪದಕದ ಮುಖವನ್ನೇ ನೋಡುವುದಿಲ್ಲ. ಅಂಚಿನಲ್ಲಿ ಕೊರೆದ ಸಿಪಾಯಿಯ ಹೆಸರು, ನಂಬರು ಹುಡುಕುತ್ತಾನೆ, ಸೊಪ್ಪಿನಂತೆ ಮೂಸುತ್ತಾನೆ, ಆಮೇಲೆ ತಂದವರು ಬೀಗರೇ ಆಗಿದ್ದರೂ "ಡೂಪ್ಲಿಕೇಟ್ ಕಣ್ರಿ, ಎತ್ಕಂಡೋಗಿ" ಎಂದುಬಿಡುತ್ತಾನೆ. ಪದಕದ ವಿಷಯದಲ್ಲಿ ಆತ ಸುಳ್ಳು ಹೇಳಿದ್ದು ಒಂದೇ ಸಲ. ಮಾಂಬಳ್ಳಿಯ ಗುರುಬಸಮ್ಮ ತನ್ನ ತಾತನ ಬೆಳ್ಳಿ ಪದಕವನ್ನು ತೊಳೆದುಕೊಡಲು ಪರಮೇಶನಿಗೆ ಕೊಟ್ಟಿದ್ದರು. ಅವನು ಅದನ್ನು ಪಾಲಿಶ್ ಮಿಷನ್ನಿಗೆ ಹಿಡಿದು ಕನ್ನಡಿ ಮಾಡಿ, ಆ ಹೆಮ್ಮೆಯಲ್ಲಿ ತಾನೂ ಅವರ ಜೊತೆಗೆ ಜಗಲಿಗೆ ಹೋದ. ಕೆಂಪನಂಜಪ್ಪ ಅಂಚನ್ನು ತಿರುಗಿಸಿದ, ಮತ್ತೆ ತಿರುಗಿಸಿದ. "ನಮ್ ತಾತುನ್ ಎಸ್ರು ಇಲ್ವಾ ಸಾ?" ಎಂದರು ಗುರುಬಸಮ್ಮ. ಮಿಷನ್ನು ಅಂಚಿನ ಹೆಸರನ್ನೂ ಉಜ್ಜಿಹಾಕಿದೆ ಎಂದು ಪರಮೇಶನಿಗೆ ಆಗ ಹೊಳೆಯಿತು. ಕೆಂಪನಂಜಪ್ಪ ಕನ್ನಡಕದ ಮೇಲಿಂದ ಅವನನ್ನೊಮ್ಮೆ ನೋಡಿ, "ಅದೆ ಕಣವ್ವ. ನೂರು ವರ್ಸ ಆಯ್ತಲ್ಲ, ತಾನಾಗೇ ಸವ್ದದೆ" ಎಂದ. ಬಳಿಕ ಅಂಚನ್ನು ಓರೆಬಿಸಿಲಿಗೆ ಹಿಡಿದು, ತೆಳು ಕಾಗದದ ಮೇಲೆ ಪೆನ್ಸಿಲ್ ಉಜ್ಜಿ, ಹೆಸರನ್ನು ಒಂದೊಂದೇ ಅಕ್ಷರವಾಗಿ ಎಬ್ಬಿಸಿಕೊಟ್ಟ. ಪರಮೇಶನ ಹೊಟ್ಟೆಯುರಿ ಇನ್ನೂ ಆರಿಲ್ಲ. ಆದರೆ ಊರು ಇವತ್ತಿಗೂ ಅವನ ಕೈಗೆ ಬೆಳ್ಳಿ ಕೊಡುತ್ತಿದ್ದರೆ, ಅದಕ್ಕೆ ಅವನು ಕೆಂಪನಂಜಪ್ಪನ ಆ ಒಂದು ಸುಳ್ಳಿಗೆ ಋಣಿ.