ಹೆಳವನ ಬಾಯಿ ಕಟ್ಟಿಸಿದ್ದು

ಜರ್ಮನಿ ಎಂದರೆ ಜನ ದನಿ ತಗ್ಗಿಸುತ್ತಿದ್ದ ಯುದ್ಧದ ವರ್ಷಗಳು. ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು ಅದೇ ದೇಶದ, ಬಹಳ ಹಿಂದಿನ ಒಬ್ಬ ಬಿಷಪ್ಪನ ಕಥೆ ಹೇಳಿದರು. ಚಕ್ರವರ್ತಿ ಅವನ ಅಣ್ಣನ ಮಗ. ತಾನು ಮಾಡಿದ ಸಾಹಸಗಳನ್ನು ಚಕ್ರವರ್ತಿಯೇ ಬರೆದು ಕಳಿಸಿದ. ಚಿಕ್ಕಪ್ಪ ಅದನ್ನು ಹಿಗ್ಗಿಸಿ ಸಾಮ್ರಾಜ್ಯದ ಚರಿತ್ರೆ ಮಾಡಿದ.

“ಬರೆಯೋನ ಕಿವೀಲಿ ಯಾರು ಊದಿದ್ರು ಅಂತ ಮೊದ್ಲು ಕೇಳ್ರಪ್ಪಾ” ಎಂದರು ಮೇಷ್ಟ್ರು. ಆ ಮಾತು ನನ್ನ ತಲೆ ಕೆಡಿಸಿತು.

ಆ ಸುಗ್ಗಿಯಲ್ಲಿ ನಮ್ಮೂರಿಗೆ ಹೆಳವ ಬಂದ. ಎತ್ತಿನ ಮೇಲೆ ಊರೂರು ತಿರುಗಿ, ಮನೆಮನೆಯ ವಂಶಾವಳಿಯನ್ನು ಬಾಯಲ್ಲೇ ಒಪ್ಪಿಸಿ ರಾಗಿ ಪಡೆಯುವವನು. ನಮ್ಮ ಕಡೆ ಅವನು ಹೇಳಿದ್ದೇ ಚರಿತ್ರೆ. ಮಾರನೆಯ ದಿನ, ನನಗೆ ತಂಗಿಯಾಗಬೇಕಾದ ಚಿಕ್ಕಪ್ಪನ ಮಗಳನ್ನು ನೋಡಲು ಸೂಲಿಬೆಲೆಯಿಂದ ಗಂಡಿನವರು ಬರುವವರಿದ್ದರು. ತಾತ ಹೆಳವನನ್ನು ಹಿತ್ತಿಲಿಗೆ ಕರೆದೊಯ್ದು ಗುಸುಗುಸು ಮಾತಾಡುವುದನ್ನು ಕಂಡೆ. ಚಿಕ್ಕಪ್ಪನೆಂದರೆ ತಾತನಿಗೆ ಪ್ರಾಣ. ಜಮೀನು ಇನ್ನೂ ಪಾಲಾಗಿರಲಿಲ್ಲ; ಪಾಲಿನ ಜಗಳಕ್ಕೂ ಹೆಳವನ ಮಾತೇ ಸಾಕ್ಷಿ. ವಂಶಾವಳಿಯಲ್ಲಿ ನಮ್ಮಪ್ಪನನ್ನು ಹಿಂದೆ ತಳ್ಳಿಸುತ್ತಿದ್ದಾರೆ ಎಂದೇ ನನ್ನ ಅನುಮಾನ. ತಾತ ಅವನಿಗೆ ಕೊಟ್ಟ ಎಲೆಅಡಿಕೆಯೂ ಲಂಚದಂತೆ ಕಂಡಿತು.

ಗಂಡಿನವರು ಜಗಲಿಯಲ್ಲಿ ಕೂತರು. ಹೆಳವ ಮುತ್ತಾತನಿಂದ ಶುರುಮಾಡಿ ಇಳಿದು ಬಂದ. ತಾತನ ಮಕ್ಕಳ ಹೆಸರಿಗೆ ಬರುವಾಗ ತಡೆದು ತಾತನ ಮುಖ ನೋಡಿದ. ನಾನು ಎದ್ದುಬಿಟ್ಟೆ.

“ನೆನ್ನೆ ಹಿತ್ಲಲ್ಲಿ ತಾತ ಹೇಳ್ಕೊಟ್ಟಿದ್ನ ಒಪ್ಪಿಸ್ತಾವ್ನೆ ಕಣ್ರೀ!”

“ಲೇ, ಬಾಯ್ ಮುಚ್ಚಲಾ!” ಎಂದರು ತಾತ.

ಗಂಡಿನ ಕಡೆಯ ಹಿರಿಯರು ನಕ್ಕರು. “ಬಿಡಿ ಗೌಡ್ರೇ, ಏನ್ ಹೇಳ್ಕೊಟ್ರಿ ಅಂತ ನಾವೂ ವಸಿ ಕೇಳ್ತೀವಿ.”

ಹೆಳವ ಎದ್ದ. “ನನ್ ಮಾತ್ಗೆ ಸಾಕ್ಷಿ ಕೇಳೋ ಜಗಲೀಲಿ ನಾನ್ ಒಪ್ಸಾಕಿಲ್ಲ ಸ್ವಾಮಿ” ಎಂದು ಎತ್ತಿನ ಹಗ್ಗ ಬಿಚ್ಚಿಕೊಂಡು ಹೋದ.

ತಾತ ಸೇರಿಸಿ ಹೇಳು ಎಂದು ಹೇಳಿಕೊಟ್ಟಿದ್ದು ಒಂದೇ ಹೆಸರು, ಚಿಕ್ಕಮ್ಮನದು ಎಂದು ಆಮೇಲೆ ತಿಳಿಯಿತು. ಮೊದಲ ಗಂಡ ಸತ್ತ ಮೇಲೆ ಅವರು ಚಿಕ್ಕಪ್ಪನಿಗೆ ಕೂಡಿಕೆಯಾಗಿ ಬಂದವರು. ಅಂಥವರ ಹೆಸರನ್ನು ಹೆಳವ ವಂಶದಲ್ಲಿ ಎತ್ತುತ್ತಿರಲಿಲ್ಲ. ಅಂಥವರ ಹೆಣ್ಣುಮಕ್ಕಳಿಗೆ ಒಳ್ಳೆಯ ಸಂಬಂಧವೂ ಕೂಡಿಬರುತ್ತಿರಲಿಲ್ಲ. ಗಂಡಿನವರು ಊರಲ್ಲೇ ವಿಚಾರಿಸಿದರು. ಮತ್ತೆ ನಮ್ಮ ಜಗಲಿ ಹತ್ತಲಿಲ್ಲ. ಮುಂದೆ ತಂಗಿಯನ್ನು, ಹೆಂಡತಿ ಸತ್ತು ಬೆಳೆದ ಮಕ್ಕಳಿದ್ದವನಿಗೆ ಕೊಟ್ಟರು.

ಓದುವ ಹುಡುಗ, ಸುಳ್ಳು ಸಹಿಸಲಿಲ್ಲ ಎಂದು ಮನೆಯವರು ನನ್ನನ್ನು ಕ್ಷಮಿಸಿದರು. “ನಿಂದೇನೈತೆ ಬಿಡಪ್ಪಾ, ಇದ್ದಿದ್ ಹೇಳ್ದೆ” ಎಂದರು ಚಿಕ್ಕಮ್ಮ. ನಾನು ಎದ್ದದ್ದು ನಿಜಕ್ಕಾಗಿ ಅಲ್ಲ, ಜಮೀನಿಗಾಗಿ ಎಂದು ಚಿಕ್ಕಮ್ಮ ಸಾಯುವವರೆಗೂ ಅವರಿಗೆ ನಾನು ಹೇಳಲಿಲ್ಲ.

ತಂಗಿ ಇನ್ನೂ ಇದ್ದಾಳೆ. ಅವಳಿಗೆ ಓದು ಬಾರದು. ಬರೆದಿಟ್ಟ ಇದನ್ನು ಅವಳ ಎದುರು ಕೂತು ನಾನೇ ಓದಬೇಕು.