ವಿನೋದಾ ಹದಿನೈದು ದಿನಕ್ಕೊಮ್ಮೆ ಬರೆದ ಕಾಗದ

ಉಮ್ಮಚಗಿಯ ವಿನೋದಾಳ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಗೆಂದು ಯಲ್ಲಾಪುರದ ಸೈಬರ್ ಕೆಫೆಯ ರಘುಪತಿ ವೆಬ್‌ಸೈಟ್ ಮಾಡಿಕೊಟ್ಟಿದ್ದು 2003ರಲ್ಲಿ. ಆರು ತಿಂಗಳಾದರೂ ಅದನ್ನು ನೋಡಿದವರು ಅವರಿಬ್ಬರೇ. ಆಗ ವಿನೋದಾ, ಮಾಗೋಡು ಜಲಪಾತಕ್ಕೆ ಬರುವ ಪ್ರವಾಸಿಗರು ಕೊಳ್ಳುವ ಬಾಟಲಿಗಳಿಗೆ ಒಂದೊಂದು ಚೀಟಿ ಕಟ್ಟಿದಳು: ‘ನಿಮಗೆ ಕಾಗದ ಬರೆಯಲೇ? ಬೇಕಿದ್ದರೆ ಇ-ಮೇಲ್ ವಿಳಾಸ ಕಳಿಸಿ.’

ಹನ್ನೊಂದು ಜನ ಕಳಿಸಿದರು. ಹದಿನೈದು ದಿನಕ್ಕೊಮ್ಮೆ ಅವಳು ಬಸ್ಸಿನಲ್ಲಿ ಕೆಫೆಗೆ ಬಂದು, ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರ ಹುಡುಕಿ ಹುಡುಕಿ ಕನ್ನಡದಲ್ಲಿ ಬರೆದಳು. ಯಾವ ಮರದ ಮಿಡಿಗೆ ಜೀರಿಗೆಯ ಪರಿಮಳ, ಉಪ್ಪಿನಲ್ಲಿ ಅದು ಹೇಗೆ ಸುಕ್ಕಾಗುತ್ತದೆ, ಮರ ಹತ್ತುವ ಮಂಜ ಈ ಸಲ ಏನು ಹೇಳಿದ, ಇಂಥವೇ. ಮಾರಾಟದ ಮಾತು ಕೊನೆಯಲ್ಲಿ ಒಂದೇ ಸಾಲು. ಮೂರು ವರ್ಷದಲ್ಲಿ ಓದುವವರು ನಾನೂರಾದರು.

“ಅಕ್ಕಾ, ಎಲ್ಲಿಂದಾದ್ರೂ ಸಾವಿರ ವಿಳಾಸ ತಂದು ಸೇರ್ಸನ,” ಎಂದ ರಘುಪತಿ.

“ಬ್ಯಾಡ ತಮಾ. ಕರೀದೇ ಇದ್ದ ಮನೆಗೆ ಆನು ಹೋಗ್ತ್ನಿಲ್ಲೆ.”

ಆದರೂ ಅವಳಿಗೆ ಒಳ್ಳೆಯದಾಗಲೆಂದು ಒಂದು ದಿನ ಅವನೇ ಸೇರಿಸಿಬಿಟ್ಟ. ಕೇಳದೆ ಕಾಗದ ಬಂತೆಂದು ಗುರುತಿಲ್ಲದವರು ಮೇಲ್ ಕಂಪನಿಗೆ ದೂರಿದರು. ಎರಡೇ ದಿನದಲ್ಲಿ ಅವಳ ಮೇಲ್ ಖಾತೆ ಬಂದ್ ಆಯಿತು, ನಾನೂರು ವಿಳಾಸವೂ ಅದರೊಳಗೇ ಹೋಯಿತು.

“ಎನ್ನಿಂದ ತಪ್ಪಾಗೋತು ಅಕ್ಕಾ,” ಎಂದ ರಘುಪತಿ. ಅವಳಿಗೆ ಅಳು ಬಂದಿತ್ತು. “ಆತು ಬಿಡು. ನೀನು ಬೇಕೂಂತ ಮಾಡಿದ್ದಲ್ಲ,” ಎಂದಷ್ಟೇ ಹೇಳಿ ಬಸ್ಸು ಹತ್ತಿದಳು.

ಕಾಗದದ ದಿನ ಕಾಗದ ಹೋಗಲಿಲ್ಲ. ಮುಂದಿನ ವಾರದಿಂದ ಅಂಚೆಯವನು ದಿನಾ ಬರತೊಡಗಿದ. ಬಾಟಲಿಯ ಮೇಲಿದ್ದ ಮನೆ ವಿಳಾಸ ನೋಡಿ ಜನ ಕಾರ್ಡು ಹಾಕುತ್ತಿದ್ದರು. ಉಪ್ಪಿನಕಾಯಿ ಕೇಳಿದವರು ಕಡಿಮೆ. ‘ಈ ಸಲ ನಿಮ್ಮ ಕಾಗದ ಬರಲಿಲ್ಲ, ಹುಷಾರಾಗಿದ್ದೀರಿ ತಾನೆ?’ ಎಂದು ಮೈಸೂರಿನ ನಿವೃತ್ತ ಟೀಚರೊಬ್ಬರು ಬರೆದಿದ್ದರು. ‘ಅಮ್ಮನಿಗೆ ಓದಿ ಹೇಳುತ್ತಿದ್ದೆ, ದಿನಾ ಕೇಳುತ್ತಿದ್ದಾರೆ’ ಎಂದಿದ್ದರು ಪುಣೆಯ ಇನ್ನೊಬ್ಬರು. ಎಲ್ಲರೂ ಕೆಳಗೆ ತಮ್ಮ ಮನೆ ವಿಳಾಸದ ಜೊತೆ ಇ-ಮೇಲ್ ವಿಳಾಸವನ್ನೂ ಬರೆದಿದ್ದರು.

ವಿನೋದಾ ಕಾರ್ಡುಗಳನ್ನೆಲ್ಲ ಮಡಿಲಲ್ಲಿ ಹಾಕಿಕೊಂಡು ಜಗಲಿಯ ಮೇಲೆ ಬಹಳ ಹೊತ್ತು ಕೂತಳು. ಮುಖವನ್ನೇ ನೋಡದವರು ತನ್ನನ್ನು ಹುಡುಕುತ್ತಿದ್ದಾರೆ ಎಂಬುದು ಅವಳಿಗೆ ನಂಬಲಾಗದ ಸುಖವಾಗಿತ್ತು. ಮರುದಿನ ಕಾರ್ಡುಗಳ ಕಟ್ಟನ್ನು ರಘುಪತಿಯ ಮುಂದಿಟ್ಟಳು. “ನೋಡು ತಮಾ, ಎಷ್ಟು ಜನ ಇದ್ದ ಎಂಗೆ!”

ಆ ವರ್ಷ ಮರಗಳು ಮಿಡಿ ಕಡಿಮೆ ಬಿಟ್ಟಿದ್ದವು. ಆದರೂ ಕಾರ್ಡು ಹಾಕಿದ ಪ್ರತಿಯೊಬ್ಬರಿಗೂ ಅವಳು ಒಂದೊಂದು ಸಣ್ಣ ಬಾಟಲಿ ಕಳಿಸಿದಳು. ಪೊಟ್ಟಣ ಕಟ್ಟಲು ರಘುಪತಿ ಕೆಫೆಗೆ ಎರಡು ದಿನ ರಜೆ ಹಾಕಿ ಉಮ್ಮಚಗಿಗೆ ಬಂದಿದ್ದ.