ಟ್ರಾಲಿ ಕೆಳಗಿನ ವೂಫರ್

ಬೇಸ್ ಗಿಟಾರ್ ಬಾರಿಸುವವನನ್ನು ಯಾರೂ ನೋಡುವುದಿಲ್ಲ. ಇಪ್ಪತ್ತೈದು ವರ್ಷ ಬಾರಿಸಿದ ಮೇಲೆ ನನಗೆ ಅದು ಬೇಜಾರಿನ ಮಾತಾಗಿ ಉಳಿದಿರಲಿಲ್ಲ. ಚಿಕ್ಕೋಡಿಯಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಊರುಗಳಲ್ಲಿ ಜೈನರ ದೊಡ್ಡ ಪೂಜೆಗಳಿದ್ದಾಗ ಅಂಗಡಿ ಮುಚ್ಚಿ ಸಂಗೀತ ಪಾರ್ಟಿಯ ಜೊತೆ ಹೊರಡುತ್ತಿದ್ದೆ. ಆ ಪೂಜೆಗಳಲ್ಲಿ ದಂಪತಿಗಳು ಕಿರೀಟ ತೊಟ್ಟು ಇಂದ್ರ-ಇಂದ್ರಾಣಿಯರಾಗುತ್ತಾರೆ, ಒಂದೊಂದು ಅರ್ಘ್ಯಕ್ಕೂ ಹಾಡಿನ ಜೊತೆ ಕುಣಿಯುತ್ತಾರೆ. ಒಂದು ಹಾಡು ಕನ್ನಡದ್ದು, ಮುಂದಿನದು ಮರಾಠಿಯದು. ಅವರ ಹೆಜ್ಜೆ ತಪ್ಪದಂತೆ ಕೆಳಗಿನ ಸ್ವರ ಹಿಡಿದುಕೊಂಡಿರುವುದು ನನ್ನ ಕೆಲಸ.

ಪಾರ್ಟಿ ಕಟ್ಟಿದವರು ಹಾರ್ಮೋನಿಯಂ ಬಾರಿಸುತ್ತಿದ್ದ ಒಬ್ಬ ಹಿರಿಯರು. ನನ್ನ ಕೈಗೆ ಗಿಟಾರ್ ಕೊಟ್ಟವರೂ ಅವರೇ. ಅವರು ತೀರಿಕೊಂಡ ಮೇಲೆ ಪಾರ್ಟಿ ಮಗನದಾಯಿತು. ಮಗ ಕೀಬೋರ್ಡಿನವನು. ಅಥಣಿಯಿಂದ ಒಂದು ಪೂಜೆ ಮುಗಿಸಿ ಬರುವಾಗ ಗಾಡಿಯಲ್ಲಿ ಅವನು ಮಾತು ತೆಗೆದ.

“ಕಾಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಗಿಟಾರ್ ಯಾರಿಗೂ ಕೇಳಸಂಗಿಲ್ಲ. ಆ ಕೆಲಸ ನನ್ನ ಎಡಗೈನ ಮಾಡ್ತೈತಿ. ಶಿರಗುಪ್ಪಿ ಪೂಜಾ ಒಂದ್ ನೋಡೂಣು, ಆಮ್ಯಾಲ ಬಿಟ್ಟಬಿಡೂಣು.”

ಸಿಟ್ಟಾಗಬೇಡಿ ಎಂದರೆ ಸಿಟ್ಟು ಬರದೆ ಇರುತ್ತದೆಯೇ? ಆದರೆ ಅವನ ಮಾತು ಸುಳ್ಳಾಗಿರಲಿಲ್ಲ. ನನ್ನ ಆಂಪ್ಲಿಫೈಯರ್ ಮೊಣಕಾಲೆತ್ತರದ್ದು. ಮನೆಯೊಳಗೆ ಗೋಡೆ ನಡುಗಿಸುತ್ತಿತ್ತು, ಪೆಂಡಾಲಿನಲ್ಲಿ ಮೂರನೆಯ ಸಾಲಿಗೂ ತಲುಪುತ್ತಿರಲಿಲ್ಲ. ನಿಪ್ಪಾಣಿಗೆ ಹೋಗಿ, ಡಿಜೆ ಬಿಟ್ಟು ಬೇರೆ ಧಂದೆ ಹಿಡಿದಿದ್ದ ಒಬ್ಬನಿಂದ ಪವರ್ಡ್ ಸಬ್‌ವೂಫರ್ ತಂದೆ, ಕೆಳಗಿನ ಸ್ವರಕ್ಕೆಂದೇ ಮಾಡಿದ ದೊಡ್ಡ ಸ್ಪೀಕರ್ ಡಬ್ಬಿ. ಅದರ ಹೊಟ್ಟೆಯಲ್ಲೇ ಅದರ ಆಂಪ್ಲಿಫೈಯರ್ ಇರುತ್ತದೆ. ನನ್ನ ಹಳೆಯದರಿಂದ ಒಂದು ವೈರು ಎಳೆದು ಕೊಟ್ಟರೆ ಸಾಕು. ಹೆಂಡತಿ ಅದನ್ನು ಸುತ್ತ ತಿರುಗಿ ನೋಡಿ, “ಅಯ್ಯ, ತಿಜೋರಿ ತಂದ್ರೇನ್ ಅಂತ ಮಾಡಿದ್ನಿ,” ಎಂದಳು.

ಶಿರಗುಪ್ಪಿಯಲ್ಲಿ ನಮಗೆ ಸ್ಟೇಜು ಎಂದರೆ ಪಕ್ಕಪಕ್ಕ ನಿಲ್ಲಿಸಿದ ಎರಡು ಕಬ್ಬಿನ ಟ್ರಾಲಿ, ಮೇಲೆ ಜಮಖಾನೆ. ನಾನು ವೂಫರನ್ನು ಟ್ರಾಲಿಗೇರಿಸಿ ಮಗ್ಗುಲಲ್ಲೇ ಇಟ್ಟುಕೊಂಡೆ. ದಪ್ಪ ತಂತಿಯನ್ನು ಒಮ್ಮೆ ಮೀಟಿದ್ದೇ ತಡ, ಟ್ರಾಲಿಯ ತಗಡೆಲ್ಲ ಗುಂಯ್ ಎಂದಿತು, ಕೊಂಡಿಗಳು ಗಡಗಡಿಸಿದವು, ವಾದ್ಯಗಳ ಮುಂದೆ ಇಟ್ಟಿದ್ದ ಕಳಶದ ತೆಂಗಿನಕಾಯಿ ಉರುಳಿ ಕೆಳಗೆ ಬಿತ್ತು. ಪಂಡಿತರು ಮಂತ್ರ ನಿಲ್ಲಿಸಿ ತಿರುಗಿದರು.

“ಏನ್ರಿ ಅದು? ಪೂಜಾ ಮಾಡೂದೋ, ಗುಡುಗು ಕೇಳೂದೋ?”

ಮಗ ಕೀಬೋರ್ಡಿನಿಂದ ತಲೆ ಎತ್ತದೆ, “ಕಾಕಾ, ಕೇಳಸಂಗಿಲ್ಲ ಅಂದಿದ್ದಕ್ಕ ಇಷ್ಟ್ ಕೇಳಸ್ತೀರೇನು?” ಎಂದ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಆದರೆ ತಪ್ಪು ನನ್ನದೇ. ತಗಡಿನ ಮೇಲೆ ಕೂರಿಸಿದ ಮೋಟರು ಅರಚುತ್ತದೆ ಎಂದು ದಿನಾ ಗಿರಾಕಿಗಳಿಗೆ ಹೇಳುವವನು ನಾನು. ಅಂಥವನಿಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಬಿಡುವಿನಲ್ಲಿ ವೂಫರನ್ನು ಇಳಿಸಿ ಟ್ರಾಲಿಯ ಬುಡದಲ್ಲಿ ಎರೆಮಣ್ಣಿನ ಮೇಲೆ ಕೂರಿಸಿದೆ. ತೀರ ಕೆಳಗಿನ ಸ್ವರ ಮಾತ್ರ ಅದಕ್ಕೆ ಹೋಗಲಿ, ಉಳಿದದ್ದು ಹಳೆಯ ಡಬ್ಬಿಯಲ್ಲೇ ಬರಲಿ ಎಂದು ಅದರ ಬಿರಡೆ ತಿರುಗಿಸಿದೆ. ಎಲ್ಲಿ ಸರಿ ಕೂತಿತೋ ಅಲ್ಲಿ ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ. ಮಧ್ಯಾಹ್ನ ಹಾಡು ಶುರುವಾದಾಗ ತಗಡು ಸುಮ್ಮನಿತ್ತು. ಕಿರೀಟದವರ ಕಾಲು ಹಗುರಾದವು. ಕೆಳಗೆ ಕೂತಿದ್ದ ಒಬ್ಬ ಮುದಿ ಆಯಿ ಎದ್ದು ಬಂದು ಕೀಬೋರ್ಡಿನವನಿಗೆ ಹೇಳಿದಳು: “ಇವತ್ತ ಏನ್ ಹಚ್ಚಿಯೋ ಯಪ್ಪಾ, ಕುಂತಲ್ಲೆ ಕಾಲ್ ಕುಣ್ಯಾಕತ್ತಾವ!”

ಹೇಳಿದ್ದು ಅವನಿಗೆ, ಖುಷಿಯಾದದ್ದು ನನಗೆ. ಆ ಸಂಜೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕೆಂದು ಕರೆದಾಗ, ಎಲ್ಲರಿಗಿಂತ ಮುಂದೆ ಹೋಗಿ ಪಂಕ್ತಿಯಲ್ಲಿ ಕೂತು ಎರಡು ಸಲ ಬಡಿಸಿಕೊಂಡು ಉಂಡೆ. ನನ್ನ ಜಾಗ ಉಳಿಯಿತು ಎಂದುಕೊಂಡೆ.

ತಿಂಗಳೊಳಗೆ ಹಿರಿಯರ ಮಗನ ಫೋನು ಬಂತು.

“ಕಾಕಾ, ನಮ್ಮ ಅಥಣಿ ಕಡೆ ಅನಂತಪುರದಾಗ ಪೂಜಾ ಐತ್ರಿ. ಶಿರಗುಪ್ಯಾಗ ಕೇಳಿಸಿದ್ದ ಬೇಸ ಬೇಕು ಅಂದಾರ.”

“ಬರ್ತೀನಿ ಬಿಡೋ,” ಎಂದೆ. ಇನ್ನೊಂದು ಕೈ ಆಗಲೇ ಗಿಟಾರಿನ ಚೀಲ ಹುಡುಕುತ್ತಿತ್ತು.

“ನೀವ್ ಯಾಕ ತ್ರಾಸ ತಗೋತೀರಿ? ವೂಫರ್ ಅಷ್ಟ ಕಳಸ್ರಿ. ಅವತ್ತ ನೀವ್ ಊಟಕ್ಕ ಹೋದಾಗ ಕೀಬೋರ್ಡಿಗೆ ಹಚ್ಚಿ ನೋಡೀನಿ. ಎಡಗೈಲೇ ಬರ್ತೈತಿ.”

ಹೆಂಡತಿಗೆ ಹೇಳಿದೆ. “ಬಾರಸವ್ರು ಬ್ಯಾಡ, ಡಬ್ಬಿ ಬೇಕಂತ? ಭಾರಿ ಶ್ಯಾಣ್ಯಾ ಅದಾನ. ಕೊಡಬ್ಯಾಡ್ರಿ!” ಎಂದಳು. ನಾನು ಕೊಟ್ಟೆ. ಅವನ ಅಪ್ಪ ನನಗೆ ಗಿಟಾರ್ ಕೊಟ್ಟಾಗ ಏನೂ ಕೇಳಿರಲಿಲ್ಲ. ಒಯ್ಯಲು ಬಂದವನಿಗೆ, ಟ್ರಾಲಿಯ ಮೇಲೆ ಇಡಬೇಡ, ಮಣ್ಣಿನ ಮೇಲಿಡು, ಗೆರೆ ದಾಟಿಸಬೇಡ ಎಂದು ಹೇಳಿ ಕಳಿಸಿದೆ.

ಕೊನೆಯ ದಿನ ತಡೆಯಲಾಗದೆ ಅನಂತಪುರಕ್ಕೆ ಹೋಗಿ ಗಂಡಸರ ಸಾಲಿನಲ್ಲಿ ಕೂತೆ. ವೂಫರು ನಾನು ಹೇಳಿದ ಹಾಗೆಯೇ ಮಣ್ಣಿನ ಮೇಲಿತ್ತು. ಹಾಡು ಶುರುವಾಯಿತು. ಸುಳ್ಳು ಯಾಕೆ ಹೇಳಲಿ, ಒಂದೇ ಒಂದು ಹೆಜ್ಜೆ ತಪ್ಪಲಿ ಎಂದು ಕುಣಿಯುವವರ ಕಾಲನ್ನೇ ನೋಡುತ್ತಿದ್ದೆ. ಒಂದೂ ತಪ್ಪಲಿಲ್ಲ. ಕೆಳಗಿನ ಸ್ವರ ನೆಲದೊಳಗಿಂದ ಬಂದು ನನ್ನ ಮೊಣಕಾಲಿಗೂ ಹತ್ತಿತು.

ಪಕ್ಕದಲ್ಲಿ ಕೂತಿದ್ದವರು ನನ್ನ ಕಡೆ ವಾಲಿದರು. “ಬೇಸ್ ಭಾರಿ ಐತ್ ನೋಡ್ರಿ. ಯಾರ್ರಿ ಬಾರಸಾಕತ್ತವ್ರು?”

“ಯಾರೂ ಇಲ್ರಿ,” ಎಂದೆ.